ಪರೀಕ್ಷೆ ಪಾಸಾದರೆ ಸಾಲದು: ಹಡಗಿನ ಅಧಿಕಾರಿಗೆ ಸರ್ಟಿಫಿಕೇಟ್ ಸಿಗುವ ಬಗೆ

ಪಣಂಬೂರು ಬೀಚಿಗೆ ಹೋದವರು ದೂರದಲ್ಲಿ ಲಂಗರು ಹಾಕಿ ನಿಂತ ಹಡಗುಗಳನ್ನು ನೋಡಿರುತ್ತೀರಿ. ನವಮಂಗಳೂರು ಬಂದರಿನೊಳಗೆ ಹೋಗೋಕೆ ಸರದಿ ಕಾಯುವ ಹಡಗುಗಳವು. ದಡದಿಂದ ಬೆಂಕಿಪೊಟ್ಟಣದಷ್ಟು ಕಾಣುವ ಅಂಥ ಹಡಗಿನಲ್ಲಿ ಸಾಮಾನ್ಯವಾಗಿ ಇರೋದು ಇಪ್ಪತ್ತು, ಇಪ್ಪತ್ತೈದು ಜನ. ನಡುಸಮುದ್ರದಲ್ಲಿ ಕರೆಂಟ್ ಹೋದರೆ ಕರೆಯೋಕೆ ಲೈನ್‌ಮನ್ ಇಲ್ಲ. ಬೆಂಕಿ ಹತ್ತಿದರೆ ಫೈರ್ ಎಂಜಿನ್ ಬರಲ್ಲ. ಇರುವವರೇ ಎಲ್ಲವನ್ನೂ ನೋಡಿಕೊಳ್ಳಬೇಕು. ಇಂಥ ಹಡಗನ್ನು ಒಬ್ಬರ ಕೈಗೆ ಒಪ್ಪಿಸುವ ಮುಂಚೆ ಅವರನ್ನು ಹೇಗೆ ಪರೀಕ್ಷಿಸುತ್ತಾರೆ ಅನ್ನೋದನ್ನು ಈ ಸಲ ನೋಡೋಣ. ಮೆಕ್ಯಾನಿಕಲ್, ಎಲೆಕ್ಟ್ರಿಕಲ್‌ನವರು ಸ್ವಲ್ಪ ಹೆಚ್ಚು ಗಮನ ಕೊಟ್ಟು ಓದಿ. ಯಾಕೆ ಅಂತ ಕೊನೇಲಿ ಗೊತ್ತಾಗುತ್ತೆ.

ಅಧಿಕಾರಿಯ ಕೈಲಿರುವ ಕಾಗದಕ್ಕೆ ಸರ್ಟಿಫಿಕೇಟ್ ಆಫ್ ಕಾಂಪಿಟೆನ್ಸಿ ಅಂತ ಹೆಸರು, ಚಿಕ್ಕದಾಗಿ ಸಿಒಸಿ. ಕನ್ನಡದಲ್ಲಿ ಸಾಮರ್ಥ್ಯ ಪ್ರಮಾಣಪತ್ರ ಅನ್ನಬಹುದು. ನಮಗೆ ಸಿಗುವ ಡಿಗ್ರಿ ಸರ್ಟಿಫಿಕೇಟು "ಇವರು ಇಷ್ಟು ಓದಿದ್ದಾರೆ" ಅನ್ನುತ್ತದೆ. ಸಿಒಸಿ "ಇವರ ಕೈಗೆ ಹಡಗು ಬಿಡಬಹುದು" ಅನ್ನುತ್ತದೆ. ಮುಂದೆ ಬರುವ ನಿಯಮಗಳೆಲ್ಲ ಈ ಒಂದು ವ್ಯತ್ಯಾಸದಿಂದ ಹುಟ್ಟಿದವು.

ಇನ್ನೂರು ವರ್ಷದ ಹಿಂದೆ ಬ್ರಿಟನ್ನಿನಲ್ಲಿ ಸರಕು ಹಡಗಿನ ಕ್ಯಾಪ್ಟನ್ ಆಗೋಕೆ ಕಾನೂನಿನ ಪ್ರಕಾರ ಯಾವ ಪರೀಕ್ಷೆಯೂ ಇರಲಿಲ್ಲ. ಮಾಲೀಕನಿಗೆ ಒಪ್ಪಿಗೆಯಾದರೆ ಅವನ ಅಳಿಯನೂ ಕ್ಯಾಪ್ಟನ್ನೇ. ಹಡಗುಗಳು ಮುಳುಗುತ್ತಲೇ ಇದ್ದವು. 1836ರಲ್ಲಿ ಪಾರ್ಲಿಮೆಂಟಿನ ಸಮಿತಿಯೊಂದು ಕಾರಣ ಹುಡುಕಲು ಕೂತಿತು. ಅದು ಕೊಟ್ಟ ಪಟ್ಟಿಯಲ್ಲಿ ಕ್ಯಾಪ್ಟನ್ ಮತ್ತು ಮೇಟ್‌ಗಳ ಅಸಮರ್ಥತೆಯೂ ಇತ್ತು, ಕುಡಿತವೂ ಇತ್ತು. 1845ರಲ್ಲಿ ಇಷ್ಟವಿದ್ದವರು ಬರೆಯಲಿ ಅಂತ ಪರೀಕ್ಷೆ ಶುರುವಾಯಿತು. 1850ರ ಕಾಯ್ದೆ ಬಂದ ಮೇಲೆ ವಿದೇಶಕ್ಕೆ ಹೋಗುವ ಹಡಗುಗಳ ಕ್ಯಾಪ್ಟನ್, ಮೇಟ್‌ಗಳಿಗೆ ಅದು ಕಡ್ಡಾಯವಾಯಿತು. ಆಗಲೇ ಕೆಲಸದಲ್ಲಿದ್ದ ಹಳಬರನ್ನು ಏನು ಮಾಡೋದು? ಅವರಿಗೆ ಪರೀಕ್ಷೆ ಇಲ್ಲದೆ ಸರ್ಟಿಫಿಕೇಟ್ ಆಫ್ ಸರ್ವೀಸ್ ಕೊಟ್ಟರು, ಹೊಸಬರಿಗೆ ಮಾತ್ರ ಕಾಂಪಿಟೆನ್ಸಿ. ಹಳೇ ಸ್ಕೀಮು, ಹೊಸ ಸ್ಕೀಮು ಅನ್ನೋ ಗೋಳು ನಮ್ಮ ಯೂನಿವರ್ಸಿಟಿಗಳಲ್ಲೇ ಹುಟ್ಟಿದ್ದಲ್ಲ ನೋಡಿ. ಎಂಜಿನಿಯರುಗಳ ಪರೀಕ್ಷೆಗೆ ಕಾನೂನು ಬರಲು 1862ರ ತನಕ ಕಾಯಬೇಕಾಯಿತು. ಉಗಿಹಡಗುಗಳು ಬಂದು ಎಷ್ಟೋ ವರ್ಷವಾಗಿತ್ತು ಆಗ.

ಅಂತರರಾಷ್ಟ್ರೀಯ ನಿಯಮ ಬಂದದ್ದು ಇನ್ನೂ ತಡವಾಗಿ. 1967ರ ಮಾರ್ಚ್ 18ರಂದು ಟಾರಿ ಕ್ಯಾನ್ಯನ್ ಎಂಬ ತೈಲ ಹಡಗು ಇಂಗ್ಲೆಂಡಿನ ನೈರುತ್ಯ ತುದಿಯ ಬಳಿ ಸೆವೆನ್ ಸ್ಟೋನ್ಸ್ ಬಂಡೆಗಳಿಗೆ ಬಡಿಯಿತು. ಒಳಗೆ ಹತ್ತಿರ ಹತ್ತಿರ 1,20,000 ಟನ್ ಕಚ್ಚಾತೈಲ. ಮಿಲ್ಫರ್ಡ್ ಹೇವನ್ ಬಂದರಿನ ಭರತದ ಹೊತ್ತಿಗೆ ತಲುಪುವ ಅವಸರದಲ್ಲಿ ಕ್ಯಾಪ್ಟನ್ ಹತ್ತಿರದ ದಾರಿ ಹಿಡಿದಿದ್ದರು. ಅವರು ಅನನುಭವಿಯೇನಲ್ಲ. ಹಡಗಿನ ಬಾವುಟ ಲೈಬೀರಿಯಾದ್ದು, ಸಿಬ್ಬಂದಿ ಇಟಲಿಯವರು, ಮಾಲೀಕತ್ವ ಅಮೆರಿಕದ ಕಂಪನಿಯ ಕಡೆಯದು, ತೈಲ ಮೆತ್ತಿಕೊಂಡ ದಡ ಬ್ರಿಟನ್ ಮತ್ತು ಫ್ರಾನ್ಸಿನದು. ಹಡಗು ಒಂದು ದೇಶದ್ದು, ನಷ್ಟ ಇನ್ನೊಂದು ದೇಶದ್ದು ಅಂದಾಗ ಅಧಿಕಾರಿಯ ತರಬೇತಿ ಹೇಗಿರಬೇಕು ಅಂತ ಯಾರು ಹೇಳಬೇಕು? ಈ ಪ್ರಶ್ನೆಗೆ ಉತ್ತರವಾಗಿ 1978ರಲ್ಲಿ ಎಸ್‌ಟಿಸಿಡಬ್ಲ್ಯು ಎಂಬ ಒಪ್ಪಂದ ತಯಾರಾಗಿ 1984ರಲ್ಲಿ ಜಾರಿಗೆ ಬಂತು. ನಾವಿಕರ ತರಬೇತಿ, ಸರ್ಟಿಫಿಕೇಟ್ ಮತ್ತು ಪಾಳಿ ಕೆಲಸಕ್ಕೆ ಎಲ್ಲ ದೇಶಗಳೂ ಒಪ್ಪಬೇಕಾದ ಕನಿಷ್ಠ ಮಟ್ಟ ಇದು.

ಆದರೆ ಅದರಲ್ಲೊಂದು ಸಡಿಲ ಗಂಟಿತ್ತು. ಅಭ್ಯರ್ಥಿ ಸಮರ್ಥನೋ ಅಂತ ನೋಡುವ ಕಡೆಗಳಲ್ಲೆಲ್ಲ "ಆಯಾ ಸರ್ಕಾರಕ್ಕೆ ಸಮಾಧಾನವಾಗುವಂತೆ" ಅನ್ನುವ ಅರ್ಥದ ಮಾತು. ಕೆಲವು ಸರ್ಕಾರಗಳಿಗೆ ಬಹಳ ಬೇಗ ಸಮಾಧಾನವಾಗುತ್ತಿತ್ತು! 1995ರಲ್ಲಿ ಒಪ್ಪಂದವನ್ನು ಹೆಚ್ಚುಕಮ್ಮಿ ಪೂರ್ತಿ ತಿದ್ದಿ ಬರೆದರು. ಆಗ ಬಂದದ್ದು ನಾಲ್ಕು ಕಾಲಮ್ಮಿನ ಕೋಷ್ಟಕ. ನಮ್ಮ ಮಟ್ಟಿಗೆ ಇಡೀ ನಿಯಮಾವಳಿಯಲ್ಲಿ ಅತ್ಯಂತ ಚೆಂದದ ಭಾಗ ಇದೇ. ಮೊದಲ ಕಾಲಮ್ಮಿನಲ್ಲಿ ಮಾಡಬೇಕಾದ ಕೆಲಸ. ಎರಡನೆಯದರಲ್ಲಿ ಅದಕ್ಕೆ ಬೇಕಾದ ತಿಳಿವಳಿಕೆ. ಮೂರನೆಯದರಲ್ಲಿ ಆ ಸಾಮರ್ಥ್ಯವನ್ನು ಎಲ್ಲಿ ತೋರಿಸಬೇಕು: ಹಡಗಿನಲ್ಲೋ, ಸಿಮ್ಯುಲೇಟರಿನಲ್ಲೋ, ವರ್ಕ್‌ಶಾಪಿನಲ್ಲೋ. ನಾಲ್ಕನೆಯದರಲ್ಲಿ ಚೆನ್ನಾಗಿ ಮಾಡಿದ್ದಾರೆ ಅಂತ ಯಾವುದರಿಂದ ಹೇಳಬೇಕು ಅನ್ನೋದು. ನಮ್ಮ ಸಿಲಬಸ್ ಬಹುಮಟ್ಟಿಗೆ ಎರಡನೇ ಕಾಲಮ್ಮಿಗೇ ನಿಂತುಬಿಡುತ್ತದೆ. ಉಳಿದ ಮೂರನ್ನು ಸೇರಿಸಿ ಯಾವುದಾದರೂ ಒಂದು ಸಬ್ಜೆಕ್ಟಿಗೆ ಇಂಥ ಕೋಷ್ಟಕ ಬರೆದು ನೋಡಿ, ಮಜಾ ಇದೆ.

ಈಗ ಮೆಟ್ಟಿಲುಗಳಿಗೆ ಬರೋಣ. ಭಾರತದಲ್ಲಿ ಈ ಪರೀಕ್ಷೆ, ಸರ್ಟಿಫಿಕೇಟುಗಳ ಉಸ್ತುವಾರಿ ಮುಂಬೈನಲ್ಲಿರುವ ನೌಕಾಯಾನ ಮಹಾನಿರ್ದೇಶನಾಲಯದ್ದು, ಎಲ್ಲರ ಬಾಯಲ್ಲಿ ಡಿ.ಜಿ. ಶಿಪ್ಪಿಂಗ್. ಅದರ ಕೈಕೆಳಗಿನ ಮರ್ಕೆಂಟೈಲ್ ಮರೀನ್ ಡಿಪಾರ್ಟ್‌ಮೆಂಟ್ ಮುಂಬೈ, ಕೋಲ್ಕತಾ, ಚೆನ್ನೈ ಮುಂತಾದ ಕಡೆ ಪರೀಕ್ಷೆ ನಡೆಸುತ್ತದೆ. ಡೆಕ್ ಕಡೆಯವರಿಗೆ ಸೆಕೆಂಡ್ ಮೇಟ್, ಫಸ್ಟ್ ಮೇಟ್, ಮಾಸ್ಟರ್ ಅಂತ ಮೂರು ಮೆಟ್ಟಿಲು. ಎಂಜಿನ್ ಕಡೆಯವರಿಗೆ ಕ್ಲಾಸ್ ಫೋರ್, ಕ್ಲಾಸ್ ಟೂ, ಕ್ಲಾಸ್ ಒನ್. ಕ್ಲಾಸ್ ಫೋರ್ ಸಿಕ್ಕರೆ ಎಂಜಿನ್ ರೂಮಿನ ಒಂದು ಪಾಳಿಯ ಹೊಣೆ. ಕ್ಲಾಸ್ ಒನ್ ಇದ್ದವರು ಚೀಫ್ ಎಂಜಿನಿಯರ್ ಆಗಬಹುದು.

ಎರಡು ಮೆಟ್ಟಿಲ ನಡುವೆ ಪುಸ್ತಕ ಓದಿದರೆ ಆಗಲ್ಲ, ಸಮುದ್ರದ ಮೇಲೆ ದಿನ ಎಣಿಸಬೇಕು. ಇದಕ್ಕೆ ಸೀ ಟೈಮ್ ಅಂತಾರೆ. ಎಸ್‌ಟಿಸಿಡಬ್ಲ್ಯು ಪ್ರಕಾರ 3,000 ಕಿಲೋವ್ಯಾಟ್ ಅಥವಾ ಅದಕ್ಕೂ ಮೇಲಿನ ಎಂಜಿನ್ನಿನ ಹಡಗಿಗೆ ಸೆಕೆಂಡ್ ಎಂಜಿನಿಯರ್ ಆಗಲು, ಕೆಳಗಿನ ಸರ್ಟಿಫಿಕೇಟ್ ಪಡೆದ ಮೇಲೆ ಕನಿಷ್ಠ 12 ತಿಂಗಳ ಸೇವೆ ಬೇಕು. ಚೀಫ್ ಆಗಲು 36 ತಿಂಗಳು. ಅದರಲ್ಲಿ 12 ತಿಂಗಳಾದರೂ ಸೆಕೆಂಡ್ ಎಂಜಿನಿಯರ್ ಆಗಿ ದುಡಿದಿದ್ದರೆ 24 ತಿಂಗಳು ಸಾಕು. ರಜೆಯಲ್ಲಿ ಮನೇಲಿದ್ದ ದಿನ ಲೆಕ್ಕಕ್ಕಿಲ್ಲ. ಹಡಗು ಹತ್ತಿದ, ಇಳಿದ ತಾರೀಕುಗಳು ಸಿಡಿಸಿ ಎಂಬ ಪುಸ್ತಕದಲ್ಲಿ ದಾಖಲಾಗುತ್ತವೆ. ಟ್ರೇನಿಗಳು ಕಲಿತ ಕೆಲಸಗಳಿಗೆ ಬೇರೆ ರೆಕಾರ್ಡ್ ಪುಸ್ತಕವಿದೆ, ಮೇಲಧಿಕಾರಿಯ ಸಹಿ ಸಮೇತ. ಹಿಂದಿನ ರಾತ್ರಿ ಕೂತು ಸೀನಿಯರ್ ರೆಕಾರ್ಡ್ ನೋಡಿ ಕಾಪಿ ಹೊಡೆಯಬಹುದಲ್ಲ ಅಂತ ಯಾರಿಗಾದರೂ ಅನ್ನಿಸಿದರೆ, ಮುಂದಿನ ಹಂತ ಓರಲ್ಸ್ ಅಂತ ನೆನಪಿರಲಿ.

ಲಿಖಿತ ಪರೀಕ್ಷೆ ಪಾಸಾಗಿ ಓರಲ್ಸ್‌ನಲ್ಲಿ ಫೇಲಾದರೆ ಸಿಒಸಿ ಇಲ್ಲ. ಎದುರಿಗೆ ಕೂತಿರೋರು ಸರ್ವೇಯರ್, ಅಂದರೆ ಸ್ವತಃ ಹಡಗಿನಲ್ಲಿ ದುಡಿದು ಬಂದವರು. ಡೆಕ್ ಅಭ್ಯರ್ಥಿಗೆ, ರಾತ್ರಿ ಒಂದರ ಮೇಲೊಂದು ಎರಡು ಕೆಂಪು ದೀಪ ಕಂಡರೆ ಏನರ್ಥ ಅಂತ ಕೇಳಬಹುದು. ಆ ಹಡಗು ಹತೋಟಿ ತಪ್ಪಿದೆ, ದಾರಿ ಬಿಡಲಾರದು, ನೀನೇ ಬಿಡಬೇಕು. ಬಿಳಿ ಮೇಲೆ ಕೆಂಪು ಕೆಳಗೆ ಇದ್ದರೆ ಪೈಲಟ್ ದೋಣಿ. ಯೋಚಿಸಿ ಹೇಳ್ತೀನಿ ಅನ್ನುವ ಹೊತ್ತಲ್ಲ ಅದು.

ಎಂಜಿನ್ ಕಡೆಯ ಒಂದು ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಮುಖ್ಯ ಎಂಜಿನ್ನಿನ ಆಯಿಲ್ ಮಿಸ್ಟ್ ಅಲಾರಂ ಹೊಡೀತಿದೆ, ಏನು ಮಾಡ್ತೀಯಾ? ಕ್ರ್ಯಾಂಕ್‌ಕೇಸಿನೊಳಗೆ ಎಲ್ಲೋ ಒಂದು ಬೇರಿಂಗ್ ಕಾದು, ಲ್ಯೂಬ್ ಆಯಿಲ್ ಆವಿಯಾಗಿ, ತಣ್ಣಗಿನ ಕಡೆ ಮಂಜಿನಂತೆ ತುಂಬಿಕೊಳ್ಳುತ್ತಿದೆ ಅಂತ ಅದರರ್ಥ. ಪುಸ್ತಕ ಓದಿದವನು ತಕ್ಷಣ ಬಾಗಿಲು ತೆಗೆದು ಯಾವ ಬೇರಿಂಗ್ ಅಂತ ನೋಡ್ತೀನಿ ಅನ್ನಬಹುದು. ಅವನು ಅಲ್ಲೇ ಫೇಲ್. ಬಿಸಿ ಜಾಗ ಹಾಗೇ ಇರುವಾಗ ಬಾಗಿಲು ತೆಗೆದರೆ ಹೊರಗಿನ ಗಾಳಿ ನುಗ್ಗಿ ಸ್ಫೋಟವಾಗುತ್ತದೆ. ಸರಿಯಾದ ಕ್ರಮ ಬೇರೆ: ಬ್ರಿಜ್‌ಗೆ ತಿಳಿಸು, ವೇಗ ಇಳಿಸು, ಕ್ರ್ಯಾಂಕ್‌ಕೇಸ್ ಬಾಗಿಲುಗಳ ಹತ್ತಿರದಿಂದ ಜನರನ್ನು ದೂರ ಕಳಿಸು, ಬ್ರಿಜ್ ಒಪ್ಪಿದ ಕೂಡಲೇ ಎಂಜಿನ್ ನಿಲ್ಲಿಸು, ಪೂರ್ತಿ ತಣ್ಣಗಾಗುವವರೆಗೆ ಬಾಗಿಲು ಮುಟ್ಟಬೇಡ. ಬ್ರಿಜ್‌ಗೆ ಯಾಕೆ ಮೊದಲು ಹೇಳಬೇಕು? ಹಡಗು ಆಗ ಕಿರಿದಾದ ಕಾಲುವೆಯಲ್ಲಿದ್ದರೆ ಎಂಜಿನ್ ನಿಲ್ಲಿಸೋದು ಇನ್ನೊಂದು ಅಪಘಾತ. 1947ರಲ್ಲಿ ರೀನಾ ಡೆಲ್ ಪೆಸಿಫಿಕೊ ಎಂಬ ಬ್ರಿಟಿಷ್ ಹಡಗಿನಲ್ಲಿ ಸಮುದ್ರ ಪ್ರಯೋಗದ ವೇಳೆ ಕ್ರ್ಯಾಂಕ್‌ಕೇಸ್ ಸ್ಫೋಟವಾಗಿ 28 ಜನ ಸತ್ತರು. ಓರಲ್ಸ್‌ನ ಎಷ್ಟೋ ಪ್ರಶ್ನೆಗಳ ಹಿಂದೆ ಇಂಥದೊಂದು ಲೆಕ್ಕವಿದೆ. ಅದಕ್ಕೇ ಅಲ್ಲಿ ಉತ್ತರದಷ್ಟೇ ಉತ್ತರದ ಅನುಕ್ರಮವೂ ಮುಖ್ಯ.

ಕಷ್ಟಪಟ್ಟು ಪಡೆದ ಸಿಒಸಿ ಕೂಡ ಶಾಶ್ವತವಲ್ಲ. ಐದು ವರ್ಷಕ್ಕೊಮ್ಮೆಯಾದರೂ ನವೀಕರಿಸಬೇಕು. ಹಿಂದಿನ ಐದು ವರ್ಷದಲ್ಲಿ 12 ತಿಂಗಳು ಹಡಗಿನಲ್ಲಿದ್ದೆ ಅಂತ ತೋರಿಸುವುದು ಒಂದು ದಾರಿ. ಅದಿಲ್ಲದಿದ್ದರೆ ಕೋರ್ಸು, ಪರೀಕ್ಷೆ ಇತ್ಯಾದಿ. ಕಣ್ಣು, ಕಿವಿ, ದೇಹದ ತಪಾಸಣೆ ಬೇರೆ. ಸಮರ್ಥನೂ ನಿದ್ದೆಗೆಟ್ಟರೆ ಅಸಮರ್ಥನೇ ಅನ್ನುವುದನ್ನೂ ನಿಯಮ ಒಪ್ಪಿಕೊಂಡಿದೆ: 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ಏಳು ದಿನದಲ್ಲಿ 77 ಗಂಟೆ ವಿಶ್ರಾಂತಿ ಕೊಡಲೇಬೇಕು. ಆ 10 ಗಂಟೆಯನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡುವಂತಿಲ್ಲ, ಒಂದು ತುಂಡು ಆರು ಗಂಟೆಯದ್ದಾದರೂ ಇರಬೇಕು. ಹಾಸ್ಟೆಲಿನಲ್ಲಿ ಇಂಟರ್ನಲ್ಸ್ ವಾರದಲ್ಲಿ ಈ ನಿಯಮ ಪಾಲಿಸಿದರೆ ನಮ್ಮಲ್ಲಿ ಯಾರೂ ಉಳಿಯಲ್ಲ ಬಿಡಿ.

ಇನ್ನು ನಮ್ಮ ದಾರಿ. ಮೆಕ್ಯಾನಿಕಲ್ ಡಿಗ್ರಿ ಮುಗಿಸಿದವರು ಡಿ.ಜಿ. ಶಿಪ್ಪಿಂಗ್ ಮಾನ್ಯತೆ ಇರುವ ಸಂಸ್ಥೆಯಲ್ಲಿ ಜಿಎಂಇ ಅನ್ನುವ ತರಬೇತಿ ಪಡೆದು, ಟ್ರೇನಿಯಾಗಿ ಹಡಗು ಹತ್ತಿ, ಸೀ ಟೈಮ್ ಮುಗಿಸಿ ಕ್ಲಾಸ್ ಫೋರ್ ಪರೀಕ್ಷೆಗೆ ಕೂರಬಹುದು. ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್‌ನವರಿಗೆ ಇಟಿಒ, ಅಂದರೆ ಎಲೆಕ್ಟ್ರೋ ಟೆಕ್ನಿಕಲ್ ಆಫೀಸರ್ ಹುದ್ದೆ ಇದೆ. 2010ರ ಮನಿಲಾ ತಿದ್ದುಪಡಿಗಳು ಇದನ್ನು ಎಸ್‌ಟಿಸಿಡಬ್ಲ್ಯುಗೆ ಸೇರಿಸಿದವು. ಸಿಎಸ್‌ನವರು ಬೇಜಾರು ಮಾಡ್ಕೋಬೇಡಿ, ನಿಮಗೆ ದಡದ ಮೇಲೆ ಬೇಕಾದಷ್ಟಿದೆ.

ಸಿಕ್ಕು ಇರೋದು ಮಧ್ಯದಲ್ಲಿ. ಸೀ ಟೈಮ್ ಇಲ್ಲದೆ ಪರೀಕ್ಷೆ ಇಲ್ಲ, ಸಿಒಸಿ ಇಲ್ಲದವರನ್ನು ಹಡಗಿಗೆ ಹತ್ತಿಸಿಕೊಳ್ಳುವ ಕಂಪನಿಗಳು ಬೇಕಾದಷ್ಟಿಲ್ಲ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅನ್ನೋ ಹಾಗೆ. ಕೋರ್ಸಿಗೆ ಲಕ್ಷಗಟ್ಟಲೆ ಕಟ್ಟಿ, ಟ್ರೇನಿ ಜಾಗ ಸಿಗದೆ ಕಾಯುವವರ ಕಿವಿಗೆ ಏಜೆಂಟರ ಮಾತು ಜೇನಿನಂತೆ ಇಳಿಯೋದು ಈ ಹೊತ್ತಲ್ಲೇ. ಆದ್ದರಿಂದ ಸೇರುವ ಮೊದಲೇ ಸಂಸ್ಥೆಯನ್ನು ಕೇಳಿ: ಹಿಂದಿನ ಬ್ಯಾಚಿನಲ್ಲಿ ಎಷ್ಟು ಜನ ಹಡಗು ಹತ್ತಿದರು, ಯಾವ ಕಂಪನಿಯಲ್ಲಿ? ಉತ್ತರ ಬಾಯಿಮಾತಲ್ಲೇ ಉಳಿದರೆ ಎದ್ದು ಬನ್ನಿ. ನಾವಿಕರನ್ನು ಕೆಲಸಕ್ಕೆ ಕಳಿಸುವ ಕಂಪನಿಗೆ ಡಿ.ಜಿ. ಶಿಪ್ಪಿಂಗ್ ಕೊಡುವ ಆರ್‌ಪಿಎಸ್ ಲೈಸೆನ್ಸ್ ಇರಲೇಬೇಕು. ಆ ನಂಬರ್ ಕೇಳಿ, ಡಿ.ಜಿ. ಶಿಪ್ಪಿಂಗ್ ವೆಬ್‌ಸೈಟಿನ ಪಟ್ಟಿಯಲ್ಲಿ ನೀವೇ ಹುಡುಕಿ. ಕೆಲಸ ಕೊಡಿಸಲು ನಾವಿಕನಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ ಅಂತ ಅಂತರರಾಷ್ಟ್ರೀಯ ಕಾರ್ಮಿಕ ನಿಯಮವೇ ಹೇಳುತ್ತದೆ. ಮೆಡಿಕಲ್, ಪಾಸ್‌ಪೋರ್ಟ್, ಸಿಡಿಸಿಯಂಥ ಖರ್ಚು ಮಾತ್ರ ನಮ್ಮದು. ಯಾರಾದರೂ "ಸೀಟ್ ಕನ್‌ಫರ್ಮ್, ಅರ್ಧ ಈಗ, ಅರ್ಧ ಹಡಗು ಹತ್ತಿದ ಮೇಲೆ" ಅಂದರೆ, ಆ ಮೊದಲರ್ಧವನ್ನೂ ಕೊಡಬೇಡಿ.