ಕಛೇರಿ ಹೇಗಿತ್ತು ಅಂತ ಮಾವ ಕೇಳಿದ್ದಾರೆ

ಪ್ರಶ್ನೆ: ನನ್ನ ಸೋದರಮಾವ ಬ್ಯಾಂಕ್ ಕೆಲಸದಿಂದ ನಿವೃತ್ತರಾದ ಮೇಲೆ ಹವ್ಯಾಸಿಗಳನ್ನು ಸೇರಿಸಿ ಒಂದು ವಾದ್ಯವೃಂದ ಕಟ್ಟಿದ್ದಾರೆ. ಪಿಟೀಲು, ವೀಣೆ, ಕೊಳಲು, ಕೀಬೋರ್ಡ್, ಮೃದಂಗ ಎಲ್ಲ ಇದೆ. ಹೋದ ತಿಂಗಳು ಮೊದಲ ಸಲ ಸಾರ್ವಜನಿಕವಾಗಿ ಕಛೇರಿ ಮಾಡಿದರು. ನಾನು ಚಿಕ್ಕಂದಿನಿಂದ ಪಿಟೀಲು ಕಲಿತವಳು ಅಂತ, ‘ಮುಚ್ಚುಮರೆ ಇಲ್ಲದೆ ಹೇಳಮ್ಮ’ ಅಂದಿದ್ದಾರೆ. ನೊಟ್ಟುಸ್ವರ ಸೊಗಸಾಗಿ ಬಂತು. ತೋಡಿ ಕೃತಿ ಪೂರ್ತಿ ಕಲಸಿಹೋಯಿತು. ಕೊನೆಯ ಭಾಗವಂತೂ ಓಡಿಬಿಟ್ಟಿತು. ಹೇಳಿದರೆ ನೊಂದುಕೊಳ್ಳುತ್ತಾರೆ. ‘ಚೆನ್ನಾಗಿತ್ತು’ ಅನ್ನಲು ಮನಸ್ಸು ಒಪ್ಪುತ್ತಿಲ್ಲ.
– ಹೆಸರು ಬೇಡ, ಮಾವಳ್ಳಿ

ಉತ್ತರ: ಹೇಳಲೇಬೇಕು. ‘ಚೆನ್ನಾಗಿತ್ತು’ ಅಂದು ಕೈಕುಲುಕಿ ಹೋದವರು ಅವರಿಗೆ ಆಗಲೇ ಬೇಕಾದಷ್ಟು ಜನ ಸಿಕ್ಕಿರುತ್ತಾರೆ. ಅಷ್ಟು ಸಾಕಾಗಿದ್ದರೆ ನಿಮ್ಮನ್ನು ಕೇಳುತ್ತಿರಲಿಲ್ಲ.

ಆದರೆ ಬಾಯಿ ತೆರೆಯುವ ಮೊದಲು ರೆಕಾರ್ಡಿಂಗ್ ಹಾಕಿಕೊಂಡು ಇನ್ನೊಮ್ಮೆ ಕೇಳಿ. ನೀವಿರುವ ಊರಿನ ಭಾಗ ಅಂಥದ್ದು. ಒಂದು ಕಡೆ 1905ರಲ್ಲಿ ಹುಟ್ಟಿದ ಗಾಯನ ಸಮಾಜ, ಇನ್ನೊಂದು ಕಡೆ 1939ರಿಂದ ರಾಮನವಮಿ ಕಛೇರಿ ನಡೆಸಿಕೊಂಡು ಬಂದಿರುವ ಚಾಮರಾಜಪೇಟೆಯ ರಾಮಸೇವಾ ಮಂಡಳಿ. ಅಲ್ಲಿ ದೊಡ್ಡ ವಿದ್ವಾಂಸರು ಒಬ್ಬೊಬ್ಬರೇ ಮುಖ್ಯರಾಗಿ ಕೂತು ನುಡಿಸಿದ್ದನ್ನು ಕೇಳಿ ಪಳಗಿದ ಕಿವಿ ನಮ್ಮದು. ಹತ್ತು ಜನ ಒಟ್ಟಿಗೆ ನುಡಿಸುವ ವೃಂದಕ್ಕೆ ಆ ಅಳತೆ ಪೂರ್ತಿ ಹೊಂದುವುದಿಲ್ಲ. ಆಕಾಶವಾಣಿ 1952ರಲ್ಲಿ ಆರಂಭಿಸಿದ ವಾದ್ಯವೃಂದದ ಜೊತೆ ಹೋಲಿಸುವುದೂ ನ್ಯಾಯವಲ್ಲ. ಅಲ್ಲಿದ್ದವರಿಗೆ ನುಡಿಸುವುದೇ ಉದ್ಯೋಗವಾಗಿತ್ತು.

ನೊಟ್ಟುಸ್ವರ ಚೆನ್ನಾಗಿ ಬಂತು, ತೋಡಿ ಕೆಟ್ಟಿತು ಎಂದಿರಲ್ಲ, ಇಡೀ ಕಛೇರಿಯ ಗುಟ್ಟು ಅಲ್ಲಿದೆ. ಮುತ್ತುಸ್ವಾಮಿ ದೀಕ್ಷಿತರು ಐರೋಪ್ಯ ಬ್ಯಾಂಡಿನ ಮಟ್ಟುಗಳಿಗೆ ಸಾಹಿತ್ಯ ಕೂಡಿಸಿ ಮಾಡಿದ ರಚನೆಗಳು ಅವು. ಶಂಕರಾಭರಣದ ಸ್ವರಗಳು, ಗಮಕವಿಲ್ಲದ ನೇರ ನಡೆ. ಪಿಟೀಲಿನವರಿಗೂ ಕೀಬೋರ್ಡಿನವರಿಗೂ ಗಾಂಧಾರ ಒಂದೇ ಜಾಗದಲ್ಲಿ ಸಿಗುತ್ತದೆ. ತೋಡಿಯ ಗಾಂಧಾರ ಹಾಗೆ ನಿಂತಲ್ಲಿ ನಿಲ್ಲುವುದಿಲ್ಲ. ಅದನ್ನು ಎಷ್ಟು ತೂಗಬೇಕು, ಎಲ್ಲಿಂದ ಹಿಡಿಯಬೇಕು ಅನ್ನುವುದು ಪಾಠ ಹೇಳಿದ ಗುರುವಿನ ಪ್ರಕಾರ ಬದಲಾಗುತ್ತದೆ. ವೀಣೆಯವರು ತಂತಿ ಎಳೆದು ಒಂದು ರೀತಿ ತೂಗಿರುತ್ತಾರೆ, ಪಿಟೀಲಿನವರು ಬೆರಳು ಜಾರಿಸಿ ಇನ್ನೊಂದು ರೀತಿ. ಸಾಧಾರಣ ಕೀಬೋರ್ಡು ಒತ್ತಿದ ಸ್ವರದಲ್ಲೇ ನೆಟ್ಟಗೆ ನಿಂತಿರುತ್ತದೆ. ಒಬ್ಬೊಬ್ಬರನ್ನೇ ಕೇಳಿದರೆ ತಪ್ಪಿಲ್ಲ, ಎಲ್ಲ ಸೇರಿದಾಗ ಕಿವಿಗೆ ಅಪಶ್ರುತಿ. ನಿಮಗೆ ‘ಕಲಸಿಹೋಗಿದೆ’ ಅನ್ನಿಸಿದ್ದು ಬಹುಪಾಲು ಇದೇ ಇರಬೇಕು. ಇದು ಪಾಠಾಂತರದ ತೊಡಕು. ಕೈ ಬಾರದವರು ಎಂದು ಅವರನ್ನು ತೂಗಿಬಿಟ್ಟರೆ ದೊಡ್ಡ ಅನ್ಯಾಯವಾಗುತ್ತದೆ.

ಶ್ರುತಿಯನ್ನೂ ಬೇರೆಯಾಗಿ ಗಮನಿಸಿ. ಉಸಿರಿನ ಬಿಸಿಗೆ ಕೊಳಲಿನ ಶ್ರುತಿ ಏರುತ್ತದೆ, ದೀಪಗಳ ಕಾವಿಗೆ ತಂತಿ ಇಳಿಯುತ್ತದೆ. ನಡುವೆ ಒಮ್ಮೆಯಾದರೂ ನಿಲ್ಲಿಸಿ ಸೇರಿಸಿಕೊಂಡರೇ?

ಓಡಿದ್ದು ಮಾತ್ರ ನಿಜವಾದ ದೋಷ, ಅದನ್ನು ಮೆತ್ತಗೆ ಮಾಡಿ ಹೇಳಬೇಡಿ. ವಿಡಿಯೋ ಇದ್ದರೆ ಕಣ್ಣುಗಳನ್ನು ನೋಡಿ. ಎಲ್ಲರೂ ಸ್ವರ ಬರೆದ ಪುಸ್ತಕಕ್ಕೇ ಅಂಟಿಕೊಂಡಿದ್ದರೆ ಪಕ್ಕದವರನ್ನು ಕೇಳಿಸಿಕೊಂಡಿಲ್ಲವೆಂದೇ ಅರ್ಥ. ಮೃದಂಗದವರನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ಕೂರಿಸಲಿ. ಅಭ್ಯಾಸದಲ್ಲಿ ಕೆಲವು ದಿನ ವಾದ್ಯ ಕೆಳಗಿಟ್ಟು, ಕೈಯಲ್ಲಿ ತಾಳ ಹಾಕುತ್ತಾ, ಇಡೀ ಕೃತಿಯನ್ನು ಬಾಯಲ್ಲಿ ಹಾಡಲಿ. ಕಾಲಪ್ರಮಾಣ ಕೂರುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಇದನ್ನೆಲ್ಲ ವೃಂದದವರ ಎದುರಿಗೆ ಹೇಳಬೇಡಿ, ವಾಟ್ಸಾಪ್ ಗುಂಪಿನಲ್ಲಂತೂ ಬೇಡವೇ ಬೇಡ. ಒಂದು ಬೆಳಿಗ್ಗೆ ಮಾವನ ಜೊತೆ ಲಾಲ್‌ಬಾಗಿಗೆ ಹೋಗಿ, ನಡೆಯುತ್ತಾ ಮಾತಾಡಿ. ಎದುರುಬದುರು ಕೂತಾಗ ಹುಟ್ಟುವ ಬಿಗುವು ಆಗ ಇರುವುದಿಲ್ಲ. ಯಾರ ಹೆಸರನ್ನೂ ಎತ್ತಬೇಡಿ. ನೊಟ್ಟುಸ್ವರದಿಂದ ಶುರು ಮಾಡಿ, ಅದು ಯಾಕೆ ಕೂಡಿಬಂತು ಅಂತ ವಿವರಿಸಿ. ತೋಡಿಯ ವಿಷಯ ತಾನಾಗಿ ಬರುತ್ತದೆ. ಸಂಜೆ ಕೆಲಸ ಮುಗಿಸಿ ಬಂದು ವಾದ್ಯ ಹಿಡಿಯುವ ಜನರ ಮೇಲೆ ನನಗೆ ಅಪಾರ ಗೌರವ. ಅವರಿಗೆ ಬೇಕಾಗಿರುವುದು ಮುಂದಿನ ಕಛೇರಿಯೊಳಗೆ ತಿದ್ದಿಕೊಳ್ಳಬಹುದಾದ ಒಂದೆರಡು ಸಂಗತಿ. ಉಳಿದದ್ದನ್ನು ಸದ್ಯಕ್ಕೆ ನಿಮ್ಮಲ್ಲೇ ಇಟ್ಟುಕೊಳ್ಳಿ.

ಮುಂದಿನ ಅಭ್ಯಾಸಕ್ಕೆ ನೀವೂ ಪಿಟೀಲು ತೆಗೆದುಕೊಂಡು ಹೋಗಿ. ಎಲ್ಲರೂ ಒಪ್ಪುವ ಹಾಗೆ ತೋಡಿಯ ಪಾಠಾಂತರವನ್ನು ಒಂದು ಮಾಡಿಕೊಡಲು ಅಲ್ಲಿ ಯಾರಾದರೂ ಬೇಕು.