ದೊಡ್ಡ ಕರುಳು ತೆಗೆಸಿಕೊಂಡವರ ದಿನಚರಿ ಮತ್ತು ಕಾನೂನಿನ ಆಸರೆ

ದೊಡ್ಡ ಕರುಳು ತೆಗೆಸಿಕೊಂಡು ಮನೆಗೆ ಬಂದವರಿಗೆ ಮೊದಲ ಕೆಲವು ವಾರ ಕಾನೂನು ನೆನಪಾಗುವುದೇ ಇಲ್ಲ. ಮಲ ಹೊರಬರಲು ಹೊಟ್ಟೆಯ ಮೇಲೆ ಹೊಸದಾಗಿ ಮಾಡಿದ ದ್ವಾರ ಅಂದರೆ ಸ್ಟೋಮಾ, ಅದಕ್ಕೆ ಅಂಟಿಸಿದ ಚೀಲ, ನಡುರಾತ್ರಿ ಸೋರಿಬಿಟ್ಟರೆ ಎಂಬ ಭಯ, ಇಷ್ಟರಲ್ಲೇ ದಿನ ಕಳೆಯುತ್ತದೆ. ಕಾನೂನಿನ ಪ್ರಶ್ನೆಗಳು ಬರುವುದು ಆಮೇಲೆ. ವಿಮೆ ಕಂಪನಿ ಕ್ಲೇಮ್ ತಿರಸ್ಕರಿಸುತ್ತದೆ, ಕೆಲಸದ ಜಾಗದಲ್ಲಿ ಪದೇ ಪದೇ ಶೌಚಾಲಯಕ್ಕೆ ಹೋಗುವುದು ಚರ್ಚೆಯಾಗುತ್ತದೆ, ಎರಡನೇ ಶಸ್ತ್ರಚಿಕಿತ್ಸೆಗೆ ಬೇರೆ ಆಸ್ಪತ್ರೆಗೆ ಹೋದರೆ ಹಳೆಯ ದಾಖಲೆ ಕೇಳುತ್ತಾರೆ. ಆ ಹೊತ್ತಿಗೆ ಬೇಕಾದ ಕಾಗದ ಕೈಯಲ್ಲಿ ಇರುವುದಿಲ್ಲ. ಆದ್ದರಿಂದ ಡಿಸ್ಚಾರ್ಜ್ ಆಗುವ ದಿನದಿಂದಲೇ ಶುರುಮಾಡೋಣ.

ಮೊದಲು ಕಡತ

ಡಿಸ್ಚಾರ್ಜ್ ಸಮ್ಮರಿ ಒಂದೇ ಸಾಲದು. ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಬಯಾಪ್ಸಿ ವರದಿ, ಅರಿವಳಿಕೆಯ ದಾಖಲೆ, ನೀವು ಸಹಿ ಮಾಡಿದ ಒಪ್ಪಿಗೆ ಪತ್ರ, ವಿವರವಾದ ಬಿಲ್ ಎಲ್ಲವನ್ನೂ ಕೇಳಿ ಪಡೆಯಿರಿ. 2002ರ ವೈದ್ಯಕೀಯ ವೃತ್ತಿ ನಡತೆಯ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಇಟ್ಟುಕೊಂಡಿರಬೇಕು. ರೋಗಿಯೋ ಅವರು ಅಧಿಕಾರ ಕೊಟ್ಟವರೋ ಕೇಳಿದರೆ 72 ಗಂಟೆಯೊಳಗೆ ಪ್ರತಿ ಕೊಡಬೇಕು. ಬಾಯಿಮಾತಿನಲ್ಲಿ ಕೇಳಿದರೆ 72 ಗಂಟೆ ಯಾವಾಗ ಶುರುವಾಯಿತು ಎಂದು ತೋರಿಸಲಾಗುವುದಿಲ್ಲ. ಅರ್ಜಿ ಬರೆದು, ಇನ್ನೊಂದು ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಯಾದರೆ ಮಾಹಿತಿ ಹಕ್ಕು ಕಾಯ್ದೆಯ ದಾರಿಯೂ ಇದೆ; ಅಲ್ಲಿ ಉತ್ತರಕ್ಕೆ 30 ದಿನ.

ಇದೇ ದಿನ ವೈದ್ಯರಿಂದ ಇನ್ನೊಂದು ಪತ್ರ ಬರೆಸಿಕೊಳ್ಳಿ. ದೊಡ್ಡ ಕರುಳು ಪೂರ್ತಿ ಹೋದರೆ ಉಳಿದ ನೀರು ಮತ್ತು ಉಪ್ಪನ್ನು ಕೊನೆಯಲ್ಲಿ ಹೀರಿಕೊಳ್ಳುವ ಜಾಗವೇ ಹೋದಂತೆ. ಸಣ್ಣ ಕರುಳಿನಿಂದ ಮಾಡಿದ ಸ್ಟೋಮಾದಲ್ಲಿ ಬರುವುದು ತೆಳುವಾಗಿರುತ್ತದೆ. ಬರೀ ನೀರು ಕುಡಿದರೆ ಸಾಲದು, ಓಆರ್‌ಎಸ್ ಬೇಕಾಗುತ್ತದೆ. ಚೀಲ ಮೂರನೇ ಒಂದು ಭಾಗ ತುಂಬುತ್ತಲೇ ಖಾಲಿ ಮಾಡಬೇಕು. ಇಲ್ಲದಿದ್ದರೆ ಭಾರಕ್ಕೆ ಅಂಟು ಬಿಡುತ್ತದೆ. ಆರಂಭದ ವಾರಗಳಲ್ಲಿ ತುಂಬಿದ ಕೊಡ, ಅಕ್ಕಿ ಮೂಟೆ ಎತ್ತಿದರೆ ಸ್ಟೋಮಾದ ಪಕ್ಕದಲ್ಲಿ ಹರ್ನಿಯಾ ಬರಬಹುದು. ನಿಧಾನವಾಗಿ ಕರಗುವ ಮಾತ್ರೆಗಳು ಕೆಲವೊಮ್ಮೆ ಇಡಿಯಾಗಿ ಚೀಲಕ್ಕೆ ಬಂದು ಬೀಳುತ್ತವೆ, ಆದ್ದರಿಂದ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಬರೆಯುವ ವೈದ್ಯರಿಗೂ ಈ ವಿಷಯ ಗೊತ್ತಿರಬೇಕು. ಇವೆಲ್ಲ ಆರೋಗ್ಯದ ಮಾತುಗಳೇ ಹೌದು. ಆದರೆ ‘ದಿನಕ್ಕೆ ಹಲವು ಬಾರಿ ಶೌಚಾಲಯ ಬೇಕು, ಇಂತಿಷ್ಟು ವಾರ ಭಾರ ಎತ್ತಬಾರದು, ಬಿಸಿಲಿನಲ್ಲಿ ಬಹಳ ಹೊತ್ತು ನಿಲ್ಲಬಾರದು’ ಎಂದು ವೈದ್ಯರ ಸಹಿಯೊಂದಿಗೆ ಕಾಗದದ ಮೇಲೆ ಬಂದರೆ ಅದೇ ಕೆಲಸದ ಜಾಗದಲ್ಲಿ ನಿಮ್ಮ ಆಧಾರ.

ಒಪ್ಪಿಗೆ ಎಂದರೆ ಸಹಿ ಮಾತ್ರವಲ್ಲ

‘ಚೀಲ ಬರುತ್ತದೆ ಅಂತ ಯಾರೂ ಹೇಳಲಿಲ್ಲ’ ಎಂಬುದು ಹಲವರ ನೋವು. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಸ್ಪಷ್ಟಪಡಿಸಿದ್ದು ಇದು: ಚಿಕಿತ್ಸೆಯ ಸ್ವರೂಪ, ಉದ್ದೇಶ, ಬೇರೆ ಆಯ್ಕೆಗಳು, ಗಣನೀಯ ಅಪಾಯಗಳು, ಚಿಕಿತ್ಸೆ ಬೇಡವೆಂದರೆ ಏನಾಗುತ್ತದೆ ಎಂಬುದನ್ನು ರೋಗಿಗೆ ತಿಳಿಸಬೇಕು, ಒಂದು ವಿಧಾನಕ್ಕೆ ಕೊಟ್ಟ ಒಪ್ಪಿಗೆ, ಪ್ರಾಣ ಉಳಿಸುವ ತುರ್ತು ಇಲ್ಲದಿದ್ದರೆ, ಇನ್ನೊಂದಕ್ಕೆ ಸಲ್ಲುವುದಿಲ್ಲ. ಕರುಳು ತೂತಾಗಿ ಹೊಟ್ಟೆಯೊಳಗೆ ಸೋಂಕು ಹರಡಿದಾಗ ಸ್ಟೋಮಾ ಮಾಡುವುದು ಆ ತುರ್ತಿಗೇ ಸೇರುತ್ತದೆ, ಅಲ್ಲಿ ವೈದ್ಯರನ್ನು ದೂರುವಂತಿಲ್ಲ. ದಿನ ಗೊತ್ತುಮಾಡಿ ಮಾಡುವ ಶಸ್ತ್ರಚಿಕಿತ್ಸೆಯ ಮಾತು ಬೇರೆ. ಸ್ಟೋಮಾ ಬರಬಹುದೇ, ಬಂದರೆ ತಾತ್ಕಾಲಿಕವೇ ಶಾಶ್ವತವೇ, ಮುಚ್ಚಲು ಮತ್ತೊಂದು ಶಸ್ತ್ರಚಿಕಿತ್ಸೆ ಬೇಕೇ ಎಂದು ಮೊದಲೇ ಕೇಳಿ ತಿಳಿಯುವುದು ನಿಮ್ಮ ಹಕ್ಕು.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಔಷಧ ಮತ್ತು ಪರೀಕ್ಷೆಗಳನ್ನು ಎಲ್ಲಿಂದ ಪಡೆಯಬೇಕೆಂದು ಆಯ್ದುಕೊಳ್ಳುವ ಹಕ್ಕೂ ಇದೆ. ಚೀಲ, ಅದನ್ನು ಚರ್ಮಕ್ಕೆ ಕೂರಿಸುವ ಫ್ಲ್ಯಾಂಜ್, ಪೇಸ್ಟ್ ಎಲ್ಲವೂ ತಿಂಗಳು ತಿಂಗಳು ಬೇಕಾಗುವ ಸಾಮಾನು. ‘ನಮ್ಮ ಔಷಧ ಅಂಗಡಿಯಲ್ಲೇ ಕೊಳ್ಳಬೇಕು’ ಎಂಬ ಒತ್ತಾಯ ಬಂದರೆ ಚೀಲದ ಬಗೆ ಮತ್ತು ಅಳತೆಯನ್ನು ಚೀಟಿಯಲ್ಲಿ ಬರೆದುಕೊಡಿ ಎಂದು ಕೇಳಿ. ಸ್ಟೋಮಾ ಮೊದಲ ತಿಂಗಳುಗಳಲ್ಲಿ ಕುಗ್ಗುತ್ತದೆ, ಒಂದೇ ಅಳತೆಯ ದೊಡ್ಡ ಪೆಟ್ಟಿಗೆಯನ್ನು ಆಗಲೇ ಕೊಳ್ಳಬೇಡಿ.

ವಿಮೆಯ ಹಣ

2024ರ ಮೇ ತಿಂಗಳಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹೊರಡಿಸಿದ ಸುತ್ತೋಲೆಯಂತೆ ನಗದುರಹಿತ ಚಿಕಿತ್ಸೆಗೆ 1 ಗಂಟೆಯಲ್ಲಿ, ಡಿಸ್ಚಾರ್ಜ್ ಸಮಯದ ಅಂತಿಮ ಒಪ್ಪಿಗೆಗೆ 3 ಗಂಟೆಯಲ್ಲಿ ಕಂಪನಿ ತೀರ್ಮಾನ ತಿಳಿಸಬೇಕು. ಕ್ಲೇಮ್ ತಿರಸ್ಕರಿಸಿದರೆ ಪಾಲಿಸಿಯ ಯಾವ ಷರತ್ತಿನಡಿ ಎಂದು ಹೇಳಬೇಕು. ಹಳೆಯ ಕಾಯಿಲೆಗೆ ಕಾಯುವ ಅವಧಿ 36 ತಿಂಗಳು ಮೀರುವಂತಿಲ್ಲ. ಸತತ 60 ತಿಂಗಳು ಪಾಲಿಸಿ ನಡೆದಮೇಲೆ, ವಂಚನೆ ಸಾಬೀತಾದ ಹೊರತು, ‘ಕಾಯಿಲೆ ಮುಚ್ಚಿಟ್ಟಿರಿ’ ಎಂದು ಕಂಪನಿ ತಕರಾರು ತೆಗೆಯುವಂತಿಲ್ಲ. ವರ್ಷಗಟ್ಟಲೆ ದೊಡ್ಡ ಕರುಳಿನ ಉರಿಯೂತಕ್ಕೆ (ಕೊಲೈಟಿಸ್) ಔಷಧ ತೆಗೆದುಕೊಂಡು ಕೊನೆಗೆ ಕರುಳು ತೆಗೆಸಿಕೊಂಡವರಿಗೆ ಈ ಕೊನೆಯ ನಿಯಮ ಬಹಳ ದೊಡ್ಡದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಹಲವರಿಗೆ ಶಸ್ತ್ರಚಿಕಿತ್ಸೆ ಒಂದಕ್ಕೆ ಮುಗಿಯುವುದಿಲ್ಲ, ಸ್ಟೋಮಾ ಮುಚ್ಚಲು ಕೆಲವು ತಿಂಗಳ ಮೇಲೆ ಮತ್ತೆ ದಾಖಲಾಗಬೇಕು. ನಡುವೆ ಪಾಲಿಸಿ ನವೀಕರಣ ತಪ್ಪಿದರೆ ಇಷ್ಟು ವರ್ಷ ಕಾದದ್ದೆಲ್ಲ ನಷ್ಟವಾಗಬಹುದು. ಕಳೆದ ವರ್ಷ ಕ್ಲೇಮ್ ಮಾಡಿದ್ದೀರಿ ಎಂಬ ಕಾರಣಕ್ಕೆ ನವೀಕರಣ ನಿರಾಕರಿಸಲು ಕಂಪನಿಗೆ ಅಧಿಕಾರವಿಲ್ಲ. ಮನೆಗೆ ಬಂದ ನಂತರದ ಖರ್ಚನ್ನೂ ಬಹಳಷ್ಟು ಪಾಲಿಸಿಗಳು ಕೊಡುತ್ತವೆ. ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲಿ ಅದು 60 ದಿನ. ಚೀಲಗಳ ಬಿಲ್ಲು ಅದರಲ್ಲಿ ಸೇರುತ್ತದೆಯೇ ಎಂದು ಇಮೇಲ್ ಮಾಡಿ ಕೇಳಿ, ಉತ್ತರ ಉಳಿಸಿಕೊಳ್ಳಿ.

ಕಂಪನಿಗೆ ದೂರು ಕೊಟ್ಟು ಒಂದು ತಿಂಗಳಾದರೂ ಉತ್ತರವಿಲ್ಲ, ಅಥವಾ ಬಂದ ಉತ್ತರ ಒಪ್ಪಿಗೆಯಿಲ್ಲ ಎಂದರೆ ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕಕ್ಕೆ ಕಚೇರಿ ಬೆಂಗಳೂರಿನಲ್ಲಿದೆ. 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯ, ಶುಲ್ಕವಿಲ್ಲ, ವಕೀಲರು ಬೇಕಿಲ್ಲ.

ಖಾಸಗಿ ವಿಮೆ ಇಲ್ಲದವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷ ಮಿತಿ. ದಿನ ಗೊತ್ತುಮಾಡಿ ಮಾಡುವ ಶಸ್ತ್ರಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೇಳುತ್ತಾರೆ. ಎರಡನೇ ಶಸ್ತ್ರಚಿಕಿತ್ಸೆಗೆ ಅದನ್ನು ಮುಂಚೆಯೇ ಮಾಡಿಸಿಡಿ.

ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ

ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ ಅನುಸೂಚಿಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಅದರಲ್ಲಿ ಸ್ಟೋಮಾ ಇಲ್ಲ. ಹಾಗಾಗಿ ಹೊಟ್ಟೆಯ ಮೇಲೆ ಚೀಲವಿದೆ ಎಂಬುದೊಂದರಿಂದಲೇ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಸಿಗುವುದಿಲ್ಲ. ಇದು ಕಾನೂನಿನ ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ. ಜೀವನಪೂರ್ತಿ ಚೀಲ ಹೊತ್ತವರನ್ನು ಪಟ್ಟಿಯಿಂದ ಹೊರಗಿಡಲು ನ್ಯಾಯವಾದ ಕಾರಣ ಕಾಣುವುದಿಲ್ಲ.

ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಕಾಯ್ದೆ ‘ಅಂಗವಿಕಲ ವ್ಯಕ್ತಿ’ಯನ್ನು ವಿವರಿಸುವುದು ವಿಶಾಲವಾಗಿ: ದೀರ್ಘಕಾಲದ ದೈಹಿಕ ಕೊರತೆಯಿದ್ದು, ಸುತ್ತಲಿನ ಅಡೆತಡೆಗಳ ಕಾರಣ ಇತರರಂತೆ ಸಮಾನವಾಗಿ ಭಾಗವಹಿಸಲು ಆಗದವರು. 2021ರ ವಿಕಾಸ್ ಕುಮಾರ್ ಪ್ರಕರಣದಲ್ಲಿ, ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಗೆ ಬರಹಗಾರರ ನೆರವು ನಿರಾಕರಿಸಿದ್ದನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಶೇ 40ರಷ್ಟು ಅಂಗವೈಕಲ್ಯದ ಮಾನದಂಡ ಮುಟ್ಟದವರಿಗೂ ಸೂಕ್ತ ಹೊಂದಾಣಿಕೆ ಕೇಳುವ ಹಕ್ಕಿದೆ ಎಂದಿತು. ಈ ತೀರ್ಪನ್ನು ಆಧರಿಸಿ ಶೌಚಾಲಯಕ್ಕೆ ಹತ್ತಿರದ ಜಾಗ, ನಡುವೆ ಬಿಡುವು, ಭಾರ ಎತ್ತದ ಕೆಲಸ ಕೊಡಿ ಎಂದು ಮೇಲಧಿಕಾರಿಗೆ ಬರೆಯಬಹುದು. ವೈದ್ಯರ ಪತ್ರ ಲಗತ್ತಿಸಿ. ಎಲ್ಲ ಸಂಸ್ಥೆಗಳೂ ತಲೆಬಾಗುತ್ತವೆ ಎಂದು ಭರವಸೆ ಕೊಡಲಾರೆ. ಆದರೆ ಬರೆದು ಕೇಳಿದ ಮೇಲೆ ಅವರೂ ಕಾರಣ ಬರೆಯಬೇಕಾದ ಸ್ಥಿತಿ ಬರುತ್ತದೆ, ಮತ್ತು ಆ ಪತ್ರವನ್ನು ಹಿಡಿದು ರಾಜ್ಯ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೆ ದೂರು ಕೊಡಬಹುದು. ನಿಮ್ಮ ಕಾಯಿಲೆಯ ವಿವರ ಸಹೋದ್ಯೋಗಿಗಳಿಗೆ ತಿಳಿಯಬೇಕಿಲ್ಲ.

ಇಎಸ್‌ಐ ಇರುವವರಿಗೆ, ಅಂದರೆ ತಿಂಗಳ ವೇತನ 21,000 ರೂಪಾಯಿ ಮೀರದ ನೌಕರರಿಗೆ, ರಜೆಯ ಕಾಲದಲ್ಲಿ ವೇತನದ ಶೇ 70ರಷ್ಟು ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಕಾರಣ ಕ್ಯಾನ್ಸರ್ ಆಗಿದ್ದು, ವಂತಿಗೆಯ ಷರತ್ತು ಪೂರೈಸಿದ್ದರೆ ಶೇ 80ರಂತೆ ಎರಡು ವರ್ಷದವರೆಗೆ.

ಪ್ರಯಾಣ

ಬಹಳ ಜನರಿಗೆ ಗೊತ್ತಿಲ್ಲದ ಸೌಲಭ್ಯವೊಂದು ರೈಲ್ವೆಯಲ್ಲಿದೆ. ಸ್ಟೋಮಾ ಇರುವವರಿಗೆ ತಿಂಗಳ ಮತ್ತು ಮೂರು ತಿಂಗಳ ಸೀಸನ್ ಪಾಸ್‌ನಲ್ಲಿ, ಮೊದಲ ಮತ್ತು ಎರಡನೇ ದರ್ಜೆಗೆ ಶೇ 50 ರಿಯಾಯಿತಿ, ಯಾವ ಉದ್ದೇಶದ ಪ್ರಯಾಣಕ್ಕಾದರೂ. ತುಮಕೂರು, ರಾಮನಗರ, ಬಂಗಾರಪೇಟೆಯಿಂದ ದಿನವೂ ಬೆಂಗಳೂರಿಗೆ ಬರುವವರಿಗೆ ಇದು ಉಪಯೋಗ. 2020ರ ಮಾರ್ಚ್‌ನಲ್ಲಿ ಹಲವು ರಿಯಾಯಿತಿಗಳನ್ನು ನಿಲ್ಲಿಸಿದಾಗಲೂ ರೋಗಿಗಳದ್ದು ಉಳಿಯಿತು. ಕ್ಯಾನ್ಸರ್ ಚಿಕಿತ್ಸೆಗೋ ತಪಾಸಣೆಗೋ ಹೋಗುವವರಿಗೆ ಸ್ಲೀಪರ್ ಮತ್ತು ಎಸಿ ಮೂರನೇ ದರ್ಜೆಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗಾರರಿಗೆ ಶೇ 75. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ದೂರದಿಂದ ಬರುವ ಕುಟುಂಬಗಳಿಗೆ ಉಳಿಯುವ ಹಣ ಕಡಿಮೆಯೇನಲ್ಲ. ರೈಲ್ವೆಯ ನಿಗದಿತ ನಮೂನೆಯಲ್ಲೇ ವೈದ್ಯರ ಪ್ರಮಾಣಪತ್ರ ಬೇಕು.

ವಿಮಾನ ನಿಲ್ದಾಣದಲ್ಲಿ ಚೀಲದ ವಿಷಯವನ್ನು ತಪಾಸಣೆಗೆ ಮುನ್ನವೇ ಹೇಳಿ, ಪ್ರತ್ಯೇಕ ಜಾಗದಲ್ಲಿ ತಪಾಸಣೆ ಮಾಡಿ ಎಂದು ಕೇಳಿ, ವೈದ್ಯರ ಪತ್ರ ತೋರಿಸಿ. ಕತ್ತರಿ ಕೈಚೀಲದಲ್ಲಿ ಬೇಡ, ಫ್ಲ್ಯಾಂಜ್‌ಗಳನ್ನು ಮನೆಯಲ್ಲೇ ಕತ್ತರಿಸಿ ತನ್ನಿ.

ದೂರು ಎಲ್ಲಿಗೆ

ಕರುಳು ಜೋಡಿಸಿದ ಜಾಗ ಸೋರುವುದು, ಗಾಯಕ್ಕೆ ಸೋಂಕು ತಗಲುವುದು ಒಳ್ಳೆಯ ಆಸ್ಪತ್ರೆಯಲ್ಲೂ ಆಗುತ್ತದೆ. ಅದೊಂದರಿಂದಲೇ ನಿರ್ಲಕ್ಷ್ಯ ಸಾಬೀತಾಗುವುದಿಲ್ಲ. ಕಡತವನ್ನು ಮೊದಲು ಬೇರೊಬ್ಬ ಶಸ್ತ್ರಚಿಕಿತ್ಸಕರಿಗೆ ತೋರಿಸಿ. ಬಿಲ್ಲು, ದಾಖಲೆ, ನಡವಳಿಕೆಯ ದೂರಾದರೆ, 2017ರಲ್ಲಿ ತಿದ್ದುಪಡಿಯಾದ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರವಿದೆ. ವೈದ್ಯರ ನಡತೆಯ ದೂರಿಗೆ ಕರ್ನಾಟಕ ವೈದ್ಯಕೀಯ ಪರಿಷತ್ತು. ಪರಿಹಾರ ಬೇಕಾದರೆ ಜಿಲ್ಲಾ ಗ್ರಾಹಕ ಆಯೋಗ: ನೀವು ಕೊಟ್ಟ ಮೊತ್ತ 50 ಲಕ್ಷದವರೆಗಿದ್ದರೆ ಅಲ್ಲಿಗೆ, 5 ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ. ಆಸ್ಪತ್ರೆ ಯಾವ ಊರಿನಲ್ಲಿದ್ದರೂ ನಿಮ್ಮ ಊರಿನ ಆಯೋಗದಲ್ಲಿ ದೂರು ಹೂಡಬಹುದು. ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡುವ ಆಸ್ಪತ್ರೆ ಮಾತ್ರ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ಒಳಪಡುವುದಿಲ್ಲ.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ 15100ಕ್ಕೆ ಕರೆ ಮಾಡಿ ಕಾನೂನು ಸೇವಾ ಪ್ರಾಧಿಕಾರದ ನೆರವು ಕೇಳಿ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಸಿಗುತ್ತದೆ. ಗ್ರಾಹಕ ದೂರಿಗೆ ಇರುವ ಗಡುವು ಎರಡು ವರ್ಷ. ಗುಣವಾದ ಮೇಲೆ ನೋಡೋಣ ಎಂದು ತಡಮಾಡುವವರೇ ಹೆಚ್ಚು, ಆದರೆ ಚೇತರಿಕೆಯಲ್ಲೇ ಆ ಗಡುವಿನ ಅರ್ಧ ಕಳೆದುಹೋಗುತ್ತದೆ. ದೂರಿನ ಕಾರಣ ಹುಟ್ಟಿದ ದಿನಾಂಕವನ್ನು ಕಡತದ ಮೊದಲ ಹಾಳೆಯ ಮೇಲೆ ಬರೆದಿಡಿ.