ಕೊಲ್ಲಾರಿ ಚಕ್ಕಡಿ: ಬಿಚ್ಚೋ ಮುಂಚೆ ಅಳೆಯಿರಿ

ಅಮೆರಿಕದಲ್ಲಿ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಹಳೇ ಟ್ರೇಲರ್ ಮನೆಗಳನ್ನು ದುರಸ್ತಿ ಮಾಡೋ ಹುಚ್ಚು ಬಹಳ ಜನಕ್ಕಿದೆ. 1936ರ ಏರ್‌ಸ್ಟ್ರೀಮ್ ಕ್ಲಿಪ್ಪರ್ ಸಿಕ್ಕರಂತೂ ಹಬ್ಬ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಅಂಥದ್ದೇನಿದೆ ಅಂತೀರಾ? ಕೊಲ್ಲಾರಿ ಚಕ್ಕಡಿ ಇದೆಯಲ್ಲ! ಬಿದಿರಿನ ಕಮಾನು, ಮೇಲೆ ಚಾಪೆ, ಒಳಗೆ ಹುಲ್ಲಿನ ಹಾಸಿಗೆ, ರೊಟ್ಟಿ ಬುತ್ತಿ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ, ಬಾದಾಮಿ ಬನಶಂಕರಿಗೆ, ಚಿಂಚಲಿ ಮಾಯಕ್ಕನ ಜಾತ್ರೆಗೆ ಮನೆಮಂದಿಯೆಲ್ಲ ಚಕ್ಕಡಿ ಕಟ್ಟಿಕೊಂಡು ಹೋಗಿ ಅಲ್ಲೇ ಬಿಡಾರ ಹೂಡುತ್ತಿದ್ದರು. ಟೈರಿನ ಗಾಡಿ, ಟ್ರ್ಯಾಕ್ಟರ್ ಬಂದ ಮೇಲೆ ಅದು ಹಿತ್ತಲು ಸೇರಿತು.

ಗಾಲಿಯ ಲೆಕ್ಕ

ಕಟ್ಟಿಗೆ ಗಾಲಿಯನ್ನು ಬಿಗಿಯಾಗಿ ಹಿಡಿದಿಡೋದು ಅದರ ಸುತ್ತಲಿನ ಕಬ್ಬಿಣದ ಹಳಿ. ಹಳಿಯ ಒಳಸುತ್ತಳತೆ ಗಾಲಿಗಿಂತ ತುಸು ಕಡಿಮೆ ಇರಬೇಕು. ಕುಳ್ಳಿನ ಬೆಂಕಿಯಲ್ಲಿ ಕಾಯಿಸಿ, ಹಿಗ್ಗಿದಾಗ ಗಾಲಿಗೆ ತೊಡಿಸಿ, ಕಟ್ಟಿಗೆ ಸುಡದ ಹಾಗೆ ತಕ್ಷಣ ನೀರು ಹೊಯ್ಯುತ್ತಾರೆ.

ಉದಾಹರಣೆಗೆ ಗಾಲಿಯ ವ್ಯಾಸ 1.4 ಮೀಟರ್ ಅಂದುಕೊಳ್ಳಿ. ಸುತ್ತಳತೆ ಸುಮಾರು 4400 ಮಿ.ಮೀ. ಉಕ್ಕು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಉದ್ದದ 10 ಲಕ್ಷದಲ್ಲಿ ಸುಮಾರು 12 ಭಾಗ ಹಿಗ್ಗುತ್ತದೆ. 500 ಡಿಗ್ರಿ ಏರಿದರೆ ಹಿಗ್ಗೋದು 26 ಮಿ.ಮೀ. ಹಳಿ 15 ಮಿ.ಮೀ. ಗಿಡ್ಡ ಇದ್ದರೂ ಇನ್ನೂ 11 ಮಿ.ಮೀ. ಸಡಿಲು ಸಿಗುತ್ತದೆ, ಸಲೀಸಾಗಿ ಕೂರುತ್ತದೆ. ತಣಿದಾಗ ಆ 15 ಮಿ.ಮೀ. ಬಿಗಿತವೇ ಅರೆಕಾಲುಗಳನ್ನು ಗುಂಬಕ್ಕೆ ಒತ್ತಿ ಹಿಡಿಯುತ್ತದೆ. ನಾವು ಓದೋ ಶ್ರಿಂಕ್ ಫಿಟ್ ಇದೇ ನೋಡ್ರಿ. ಕಮ್ಮಾರರು ಇದನ್ನು ಕೈ ಅಳತೆಯಲ್ಲೇ ಸಾಧಿಸಿದ್ದರು.

ದುರಸ್ತಿಯ ಕ್ರಮ

1. ಏನನ್ನೂ ಬಿಚ್ಚಬೇಡಿ. ಮೊದಲು ಫೋಟೊ, ಅಳತೆ, ಡ್ರಾಯಿಂಗ್. ಅರೆಕಾಲು ಎಷ್ಟು? ನೇರ ಇವೆಯೋ, ಹೊರಗೆ ವಾಲಿವೆಯೋ? ನೊಗದಿಂದ ಅಚ್ಚಿಗೆ ಎಷ್ಟು ದೂರ?

2. ಕಟ್ಟಿಗೆ ಯಾವುದು ಅಂತ ಬಡಿಗೇರರನ್ನು ಕೇಳಿ. ಗಾಲಿಗೆ ಜಾಲಿ ಬಳಸೋದು ರೂಢಿ. ಹೊಸ ತುಂಡು ಚೆನ್ನಾಗಿ ಒಣಗಿರಲಿ.

3. ಹಳಿ ಸಡಿಲಾಗಿದ್ದರೆ ಸಂದಿಗೆ ಬೆಣೆ ಬಡಿದು ಸುಮ್ಮನಾಗಬೇಡಿ. ಗಾಲಿಯನ್ನು ನೀರಲ್ಲಿ ನೆನೆಸಿದರೆ ಕಟ್ಟಿಗೆ ಉಬ್ಬಿ ಬಿಗಿಯಾಗುತ್ತದೆ, ಆದರೆ ಒಣಗಿದರೆ ಮತ್ತೆ ಅದೇ ಹಾಡು. ಹಳಿಯನ್ನೇ ಗಿಡ್ಡ ಮಾಡಿ ಮತ್ತೆ ತೊಡಿಸೋದೇ ಸರಿ. ಅದೂ ಬೇಸಿಗೆಯಲ್ಲಿ. ಮಳೆಗಾಲದಲ್ಲಿ ತೊಡಿಸಿದರೆ ಕಟ್ಟಿಗೆ ಒಣಗಿದಾಗ ಸಡಿಲಾಗುತ್ತದೆ.

4. ಹಳೇ ಕಡಾಣಿ, ಮೊಳೆ ಎಸೆಯಬೇಡಿ. ಬದಲಿಸಿದ ಭಾಗಕ್ಕೆ ಗುರುತು ಹಾಕಿ. ಎಲ್ಲದಕ್ಕೂ ಬಣ್ಣ ಬಳಿದರೆ ಹಳೆಯದು ಯಾವುದು, ಹೊಸದು ಯಾವುದು ಅಂತ ಮುಂದೆ ಯಾರಿಗೂ ತಿಳಿಯೋದಿಲ್ಲ.

ಇದು ಎಂಜಿನಿಯರ್ ಮಾಡೋ ಕೆಲಸವೇ ಅಂತ ಕೇಳಬೇಡಿ. ಐಐಎಂ ಬೆಂಗಳೂರಿನ ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿ ಅವರು ಎತ್ತಿನ ಗಾಡಿಯ ಸುಧಾರಣೆಗೇ ವರ್ಷಗಟ್ಟಲೆ ದುಡಿದವರು. ಚಕ್ಕಡಿ ಒಲೆಗೆ ಹೋದರೆ ಕಟ್ಟಿಗೆಯಷ್ಟೇ ಹೋಯಿತು. ಆದರೆ ಹಳಿ ಎಷ್ಟು ಗಿಡ್ಡ ಇರಬೇಕು ಅಂತ ಬಲ್ಲ ಅಜ್ಜ ಹೋದರೆ ಆ ಅಳತೆಯೂ ಹೋಯಿತು. ಮುಂದಿನ ರಜೆಗೆ ಊರಿಗೆ ಹೋದಾಗ ಟೇಪು, ನೋಟ್‌ಬುಕ್ ಜೊತೆಗಿರಲಿ. ಒಂದೇ ಒಂದು ಗಾಲಿ ಅಳೆದು ತಂದರೂ ಸಾಕು.